ಹರೆಯದ ಮಕ್ಕಳೂ ಅವರ ಗೆಳೆಯರೂ
(ದೇವಿಕೊಪ್ಪದಲ್ಲಿ ಶ್ರಾವಣ ಮಾಸದ ಪ್ರವಚನ)



ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಸೀಮೆಯ ಭಕ್ತರು ಚಕ್ಕಡಿ ಹೂಡುತ್ತಾರೆ. ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿ, ರೊಟ್ಟಿ ಬುತ್ತಿ ಇಟ್ಟುಕೊಂಡು, ಅಡವಿಯ ದಾರಿ ಹಿಡಿದು ಉಳವಿಗೆ ಹೋಗುತ್ತಾರೆ. ಯಾರ ದರ್ಶನಕ್ಕೆ? ಚನ್ನಬಸವಣ್ಣನವರ ದರ್ಶನಕ್ಕೆ. ತಲೆ ನರೆತ ಯಜಮಾನರು ಸಹ ಅಲ್ಲಿ ಅಡ್ಡಬೀಳುತ್ತೀರಿ. ಆ ಮಹಾತ್ಮರ ವಯಸ್ಸು ಎಷ್ಟಿತ್ತೆಂದು ಎಂದಾದರೂ ಯೋಚಿಸಿದ್ದೀರಾ? ಇಪ್ಪತ್ತೈದು ತುಂಬುವ ಮೊದಲೇ ಅವರು ಲಿಂಗೈಕ್ಯರಾದರೆಂದು ನಮ್ಮ ಪರಂಪರೆ ಹೇಳುತ್ತದೆ. ನಿಮ್ಮ ಮನೆಯಲ್ಲಿ ಅಷ್ಟು ವಯಸ್ಸಿನವನಿದ್ದರೆ ಅವನಿನ್ನೂ ಹುಡುಗ!

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದವರು, ಗುಡಿ ಎತ್ತಿಸಿದವರು, ದೊಡ್ಡ ಶಿಷ್ಯಬಳಗದವರು. ಅಂಥವರು ಕಲ್ಯಾಣಕ್ಕೆ ಬಂದಾಗ ಇಷ್ಟಲಿಂಗ ದೀಕ್ಷೆ ಕೊಟ್ಟವರು ಈ ಚನ್ನಬಸವಣ್ಣನವರು. ‘ಇವನಿನ್ನೂ ಚಿಕ್ಕವನು, ಹಿರಿಯರ ನಡುವೆ ಇವನಿಗೇನು ಕೆಲಸ’ ಎಂದು ಸೋದರಮಾವನಾದ ಬಸವಣ್ಣನವರು ತಡೆಯಲಿಲ್ಲ, ಪ್ರಭುದೇವರೂ ತಡೆಯಲಿಲ್ಲ. ಪ್ರಭುಗಳ ತರುವಾಯ ಶೂನ್ಯಪೀಠ ಏರಿದವರೂ ಅವರೇ. ಜ್ಞಾನ ಅವರದು, ನಿಜ. ಆದರೆ ಆ ಜ್ಞಾನಕ್ಕೆ ಬಾಯಿ ತೆರೆಯಲು ಎಡೆ ಕೊಟ್ಟದ್ದು ಹಿರಿಯರ ನಂಬಿಗೆ.

ಉಳವಿಯಲ್ಲಿ ಹರೆಯಕ್ಕೆ ಕೈಮುಗಿದು ಬಂದ ನಾವು ಮನೆಯ ಹೊಸ್ತಿಲು ದಾಟಿದೊಡನೆ ಹರೆಯವನ್ನು ಸಂಶಯದಿಂದ ನೋಡುತ್ತೇವೆ. ಮಠಕ್ಕೆ ಬರುವ ತಂದೆಗಳ ದೂರೆಲ್ಲ ಹೆಚ್ಚುಕಡಿಮೆ ಒಂದೇ. ಇಂಥ ಒಬ್ಬ ಗೃಹಸ್ಥರು ಬಂದು, “ಅಪ್ಪಾವ್ರ, ಮಗ ಕಾಲೇಜಿಗೆ ಹೊಂಟಾಗಿನಿಂದ ಕೈಬಿಟ್ಟು ಹೋಗ್ಯಾನ್ರಿ. ಯಾವಾಗ ನೋಡಿದ್ರೂ ಆ ಮೂರು ಮಂದಿ ಗೆಳ್ಯಾರು. ನಿಮ್ಮ ಮಾತು ಮೀರೂದಿಲ್ಲ, ಆ ಗೆಳೆತನ ಒಂದು ಬಿಡಿಸಿಕೊಡ್ರಿ” ಎಂದರು.

“ಆ ಮೂವರ ಹೆಸರೇನು?” ಎಂದು ನಾವು ಕೇಳಿದೆವು. ಅವರಿಗೆ ಒಬ್ಬನ ಹೆಸರು ಗೊತ್ತಿತ್ತು. ಯಾರ ಮನೆಯವರು, ಏನು ಓದುತ್ತಾರೆ, ಒಂದೂ ಗೊತ್ತಿಲ್ಲ. ನಮಗೆ ನಗೆ ಬಂತು. “ಅಲ್ಲೋ ಯಜಮಾನಾ, ಸಂತೀಯೊಳಗ ಎತ್ತು ಹಿಡಿಯಾಗ ಹಲ್ಲು ನೋಡ್ತೀ, ಸುಳಿ ನೋಡ್ತೀ, ನಾಲ್ಕು ಹೆಜ್ಜಿ ನಡಿಸಿ ನೋಡ್ತೀ. ಮಗನ ಗೆಳ್ಯಾರನ್ನ ಹೆಸರು ಸುದ್ಧಾ ಕೇಳದ ಕೆಟ್ಟವರು ಅಂತ ತೀರ್ಪು ಕೊಟ್ಟೆಲ್ಲಾ! ಮೊದಲು ಆ ಮೂವರನ್ನೂ ಮನಿಗೆ ಊಟಕ್ಕ ಕರಿ” ಎಂದೆವು.

ಕರೆದರು. ಹುಡುಗರು ಬಂದರು, ಉಂಡರು, ನಾಚುತ್ತ ನಾಚುತ್ತ ಮಾತಾಡಿದರು. ಎರಡನೆಯ ಸಲ ಬಂದಾಗ ಅವರಲ್ಲೊಬ್ಬ ತಾಯಿಯ ಮುಂದೆ ನಿಜ ಹೇಳಿದ. ಈ ಹುಡುಗ ಎರಡು ವಿಷಯಗಳಲ್ಲಿ ನಪಾಸಾಗಿದ್ದ. ಎರಡು ತಿಂಗಳಿಂದ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ‘ಇನ್ನು ಊರಿಗೇ ಹೋಗೂದಿಲ್ಲ’ ಎಂದು ಬಸ್‌ ನಿಲ್ದಾಣದಲ್ಲಿ ಕುಳಿತವನನ್ನು ಎಬ್ಬಿಸಿ ಮನೆಗೆ ಕಳಿಸಿದವರು ಈ ಮೂವರು. ಮರುಪರೀಕ್ಷೆಗೆ ಸರದಿಯ ಮೇಲೆ ಕೂತು ಓದಿಸುತ್ತಿದ್ದವರೂ ಇವರೇ. ಆ ತಂದೆ ಕಡಿಯಹೊರಟದ್ದು ಮಗ ಹಿಡಿದುಕೊಂಡು ನಿಂತಿದ್ದ ಹಗ್ಗವನ್ನು!

ಮಗ ತಂದೆಗೇ ಏಕೆ ಹೇಳಲಿಲ್ಲ? ಇದನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಿರಿ. ಹೇಳಿದರೆ ಬೈಗಳು, ಹೇಳದಿದ್ದರೆ ಒಂದು ದಿನದ ನೆಮ್ಮದಿ. ನಾವು ಹೊತ್ತುಹೊತ್ತಿಗೆ ಜೇಬು ತಡವಿ, ಮೊಬೈಲ್ ಕಸಿದು ನೋಡಿದರೆ ಮಗು ಒಳ್ಳೆಯದಾಗುವುದಿಲ್ಲ, ಮುಚ್ಚಿಡುವುದರಲ್ಲಿ ಜಾಣವಾಗುತ್ತದೆ. ಬಿತ್ತಿದ ಕಾಳು ಮೊಳೆಯಿತೋ ಇಲ್ಲವೋ ಎಂದು ದಿನಾ ಕೆದರಿ ನೋಡುವ ಒಕ್ಕಲಿಗ ನಮ್ಮ ದೇವಿಕೊಪ್ಪದಲ್ಲಿ ಒಬ್ಬನೂ ಇಲ್ಲ.

‘ಹಾಗಾದರೆ ದುಸ್ಸಂಗ ಎಂಬುದೇ ಇಲ್ಲವೇ ಅಪ್ಪಾವ್ರ’ ಎಂದು ಕೇಳಬಹುದು. ಇದೆ. ಗುಟಕಾ ಇದೆ, ಸಾರಾಯಿ ಇದೆ, ಮೊಬೈಲಿನೊಳಗೆ ಕುಳಿತ ಜೂಜು ಇದೆ. ನಂಬುವುದೆಂದರೆ ಕಣ್ಣು ಮುಚ್ಚುವುದಲ್ಲ. ಒಕ್ಕಲಿಗ ಕಾಳು ಕೆದರುವುದಿಲ್ಲ, ಆದರೆ ಕಸ ತೆಗೆಯುವುದನ್ನು ಬಿಡುವುದೂ ಇಲ್ಲ. ಯಾವ ಗೆಳೆಯ ನಿಮ್ಮ ಮನೆಯ ತಲಬಾಗಿಲಿನಿಂದ ಬಂದು ನಿಮ್ಮೆದುರು ಕೂಡುತ್ತಾನೋ, ನಿಮ್ಮ ಮಗನಿಗೆ ‘ಇದು ಬ್ಯಾಡಪಾ’ ಎನ್ನುವ ಎದೆ ಯಾರಿಗಿದೆಯೋ ಅವನು ಒಳ್ಳೆಯವನು. ಅವನು ಬಡವನೋ, ಯಾವ ಓಣಿಯವನೋ, ಯಾವ ಜಾತಿಯವನೋ ಎಂಬ ವಿಚಾರ ಬಸವಣ್ಣನವರ ಮಕ್ಕಳಾದ ನಮಗೆ ಬೇಡ.

ಹೆಣ್ಣುಮಕ್ಕಳ ಬಗೆಗಂತೂ ಸಂಶಯ ಇಮ್ಮಡಿ. ಗೆಳತಿಯರ ಕೂಡ ನಕ್ಕರೆ ತಪ್ಪು, ತಡವಾಗಿ ಬಂದರೆ ತಪ್ಪು. ಕೊನೆಗೆ ಸಾಲೆ ಬಿಡಿಸಿ ವರ ಹುಡುಕುವುದು. ಸಂಜೆ ಬಸ್ಸಿಳಿದು ನಾಲ್ವರು ಕೂಡಿ ಬರುವ ಹುಡುಗಿಯರ ಗೆಳೆತನ ಕೆಡಿಸಿದರೆ ನಿಮ್ಮ ಮಗಳು ಆ ಕತ್ತಲ ದಾರಿಯಲ್ಲಿ ಒಬ್ಬಳೇ ಬರಬೇಕಾದೀತು, ತಾಯಂದಿರೇ!

ಗೆಳೆತನವನ್ನು ನಂಬಿದರೆ ಏನು ಫಲ ಎನ್ನುವವರು ಹಲಸಂಗಿಯ ಕಡೆ ನೋಡಿರಿ. ವಿಜಯಪುರ ಜಿಲ್ಲೆಯ ಈ ಹಳ್ಳಿಯ ಚೆನ್ನಮಲ್ಲಪ್ಪ ಗಲಗಲಿಯವರು ಮುಂದೆ ಮಧುರಚೆನ್ನರೆಂದು ಹೆಸರಾದರು. ಅವರ ಸಂಗಡ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಮುಸಲ್ಮಾನರಾದ ಧೂಲಾಸಾಹೇಬರು. ಹರೆಯದಲ್ಲಿ ಕೂಡಿದ ಗುಂಪು. ನಾಡೆಲ್ಲ ಇವರನ್ನು ‘ಹಲಸಂಗಿ ಗೆಳೆಯರು’ ಎಂದೇ ಕರೆಯಿತು. ಗೆಳೆತನವೇ ಅವರ ಅಡ್ಡಹೆಸರಾಯಿತು. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿದರು. ಆಗ ಮಧುರಚೆನ್ನರಿಗಾಗಲಿ ಲಿಂಗಣ್ಣನವರಿಗಾಗಲಿ ಮೂವತ್ತು ತುಂಬಿರಲಿಲ್ಲ. ಪ್ರಾಯದ ಹುಡುಗರು ಬಂದು ಗರತಿಯರ ಹಾಡು ಕೇಳಿ ಬರೆದುಕೊಳ್ಳಬೇಕಾದರೆ ಆ ಮನೆಗಳು ಅವರನ್ನು ಎಷ್ಟು ನಂಬಿರಬೇಕು! ‘ಈ ಪಡ್ಡೆ ಹುಡುಗರಿಗೆ ಬೀಸುಕಲ್ಲಿನ ಹತ್ತಿರ ಏನು ಕೆಲಸ’ ಎಂದು ಬಾಗಿಲು ಹಾಕಿದ್ದರೆ ಆ ಹಾಡುಗಳು ಹಾಡಿದವರ ಸಂಗಡವೇ ಮಣ್ಣಾಗುತ್ತಿದ್ದವು. ಮಧುರಚೆನ್ನರು 1953ರಲ್ಲಿ ತೀರಿಕೊಂಡರು. ಲಿಂಗಣ್ಣನವರು ಮತ್ತೆ ನಲವತ್ತು ವರ್ಷ ಬಾಳಿ, 1993ರಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆಗಲೂ ಜನ ಅವರನ್ನು ಕಂಡದ್ದು ಹಲಸಂಗಿ ಗೆಳೆಯರಲ್ಲೊಬ್ಬರೆಂದೇ.

ಹೊತ್ತಾಯಿತು, ಪ್ರಸಾದಕ್ಕೆ ಏಳಬೇಕು. ಒಂದು ಮಾತು. ಮೂರು ದಿನದಿಂದ ನೋಡುತ್ತಿದ್ದೇವೆ. ಮುಂದೆ ಹಿರಿಯರೇ ಕುಳಿತಿದ್ದೀರಿ, ಹುಡುಗರು ಹೊರಗೆ ಕಟ್ಟೆಯ ಮೇಲಿದ್ದಾರೆ. ನಾಳೆ ಬರುವಾಗ ನಿಮ್ಮ ಮಕ್ಕಳಿಗೆ, ‘ನಿನ್ನ ಗೆಳ್ಯಾರನ್ನೂ ಕರಕೊಂಡು ಬಾ’ ಎನ್ನಿರಿ. ಆ ಕಂಬದ ಹತ್ತಿರ ಗುಂಪಾಗಿಯೇ ಕೂಡಲಿ. ನಡುನಡುವೆ ಪಿಸುಮಾತಾಡಿದರೆ ನಾವೇನೂ ಸಿಟ್ಟಾಗುವುದಿಲ್ಲ. ನೀವೂ ಹೊರಳಿ ಕಣ್ಣು ಬಿಡಬೇಡಿರಿ.