ಮರಿ ಹಾಕುವ ಮೀನುಗಳ ವಂಶಾವಳಿ



ಕುರುಂದವಾಡ, ಇಚಲಕರಂಜಿ ಕಡೆಯ ನಿಮಗೆ 'ಗಪ್ಪಿ ಮಾಸಾ' ಹೊಸದಲ್ಲ. ಸೊಳ್ಳೆಮರಿ ತಿನ್ನಲೆಂದು ನಿಂತ ನೀರಿಗೆ ಬಿಡುವ ಮೀನು ಅದು. ತತ್ತಿ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಅದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ.

1859ರಲ್ಲಿ ಜರ್ಮನಿಯ ಪೀಟರ್ಸ್ ವೆನೆಜುವೆಲಾದ ಈ ಮೀನಿಗೆ ಪೊಯಿಸಿಲಿಯ ರೆಟಿಕ್ಯುಲೇಟಾ ಎಂದು ಹೆಸರಿಟ್ಟರು. 1866ರಲ್ಲಿ ಲಂಡನ್ನಿನ ಗುಂಥರ್, ಟ್ರಿನಿಡಾಡ್‌ನಿಂದ ಗಪ್ಪಿ ಎಂಬವರು ಕಳಿಸಿದ ಮೀನಿಗೆ ಅವರ ಹೆಸರನ್ನೇ ಕೊಟ್ಟರು. ಎರಡೂ ಒಂದೇ ಜಾತಿ. ಶಾಸ್ತ್ರದಲ್ಲಿ ಹಳೆಯ ಹೆಸರು ನಿಂತಿತು, ಜನರ ಬಾಯಲ್ಲಿ ಗಪ್ಪಿ ಉಳಿಯಿತು.

ಗಪ್ಪಿಯಂಥ ಮೀನುಗಳಲ್ಲಿ ಬಂಧುಗಳನ್ನು ಗುರುತಿಸುವುದು ಹೇಗೆ? ಬಣ್ಣ ನಂಬುವಂಥದ್ದಲ್ಲ. ಗಂಡುಮೀನಿನ ಹೊಟ್ಟೆಯಡಿಯ ಒಂದು ರೆಕ್ಕೆ ಕಡ್ಡಿಯಂತೆ ಚೂಪಾಗಿದ್ದು, ಕೂಡುವ ಅಂಗವಾಗಿರುತ್ತದೆ. ಅದರ ತುದಿಯ ಸಣ್ಣ ಕೊಕ್ಕೆ, ಮುಳ್ಳುಗಳು ಜಾತಿಯಿಂದ ಜಾತಿಗೆ ಬೇರೆ. 1913ರಲ್ಲಿ ಮೀನುಶಾಸ್ತ್ರಜ್ಞ ರೇಗನ್ ಮರಿ ಹಾಕುವ ಈ ಮೀನುಗಳನ್ನೆಲ್ಲ ಆ ಅಂಗ ನೋಡಿಯೇ ವಿಂಗಡಿಸಿದರು. 1963ರಲ್ಲಿ ರೋಸೆನ್, ಬೈಲಿ ಆ ವಿಂಗಡಣೆಯನ್ನು ಮತ್ತೆ ಜೋಡಿಸಿದರು.

ಬೇರೆ ಬೇರೆ ಜಾತಿಗಳು ಕೂಡಿ ಹುಟ್ಟುವ ಬೆರಕೆಯ ಕಥೆ ಇನ್ನೂ ಗಂಭೀರ. ಮರಿ ಹಾಕುವ ಮೀನುಗಳೇ ಆದ ಪ್ಲ್ಯಾಟಿ, ಸೋರ್ಡ್‌ಟೇಲ್ ಎರಡೂ ಮೆಕ್ಸಿಕೊ ಕಡೆಯವು, ತೊಟ್ಟಿಯಲ್ಲಿ ಸುಲಭವಾಗಿ ಕೂಡುತ್ತವೆ. ಕಪ್ಪು ಚುಕ್ಕೆಯ ಪ್ಲ್ಯಾಟಿಯನ್ನು ಸೋರ್ಡ್‌ಟೇಲ್‌ನೊಂದಿಗೆ ಕೂಡಿಸಿ, ಆ ಮರಿಯನ್ನು ಮತ್ತೆ ಸೋರ್ಡ್‌ಟೇಲ್‌ಗೇ ಕೂಡಿಸಿದರೆ ಕೆಲವು ಮರಿಗಳ ಚುಕ್ಕೆ ಹಬ್ಬಿ ಚರ್ಮದ ಕ್ಯಾನ್ಸರ್ ಗಡ್ಡೆಯಾಗುತ್ತದೆ. ಪ್ಲ್ಯಾಟಿಯಲ್ಲಿ ರೋಗದ ಜೀನ್ ಇದ್ದರೂ ಅದನ್ನು ಹಿಡಿದಿಡುವ ಇನ್ನೊಂದು ಜೀನ್ ಇರುತ್ತದೆ. ಬೆರಕೆಯಲ್ಲಿ ಆ ಕಾವಲು ತಪ್ಪುತ್ತದೆ. 1920ರ ದಶಕದಲ್ಲಿ ವಿಜ್ಞಾನಿಗಳಾದ ಮೈರನ್ ಗಾರ್ಡನ್, ಕಾಸ್ವಿಗ್ ಇದನ್ನು ತೋರಿಸಿದರು. ಕ್ಯಾನ್ಸರ್ ಆನುವಂಶಿಕತೆಯ ಅಧ್ಯಯನಕ್ಕೆ ಈ ಪುಟ್ಟ ಮೀನುಗಳು ಕೊಟ್ಟ ಕಾಣಿಕೆ ದೊಡ್ಡದು.

ಬೆರಕೆಯ ಪ್ರಶ್ನೆ ಗಪ್ಪಿಗೂ ಇದೆ. 1975ರಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ವೆನೆಜುವೆಲಾದ ಕುಮಾನಾದ ಒಂದು ಕೊಳದಲ್ಲಿ ಗಪ್ಪಿಯನ್ನೇ ಹೋಲುವ, ಮಿಂಚುವ ಚಿಕ್ಕ ಮೀನು ಕಂಡರು. 2005ರಲ್ಲಿ ಅದಕ್ಕೆ ಪೊಯಿಸಿಲಿಯ ವಿಂಗೈ ಎಂಬ ಹೆಸರು ಬಂತು. ಗಪ್ಪಿಯ ಬಣ್ಣ ತಂದೆಯಿಂದ ಮಗನಿಗೆ ಇಳಿಯುವುದನ್ನು ತೋರಿಸಿದ ಡೆನ್ಮಾರ್ಕಿನ ವಿಂಗೆಯವರ ನೆನಪಿಗೆ ಇಟ್ಟ ಹೆಸರದು. ಅದು ನಿಜಕ್ಕೂ ಬೇರೆ ಜಾತಿಯೇ ಎಂಬ ವಾದ ಮುಗಿದಿಲ್ಲ, ಏಕೆಂದರೆ ಗಪ್ಪಿಯೊಂದಿಗೆ ಕೂಡಿದರೆ ಹುಟ್ಟುವ ಮರಿಗಳಿಗೂ ಸಂತಾನವಾಗುತ್ತದೆ. ಬೇರೆ ಜಾತಿಯೆಂದೇ ಸಾಕಬೇಕು ಎಂಬುದು ನನ್ನ ಅಭಿಪ್ರಾಯ. ಬೆರೆತ ಮೇಲೆ ತಳಿ ಮರಳಿ ಸಿಗುವುದಿಲ್ಲ.

ಸಾಕುವವರಲ್ಲಿ ಒಂದು ವಿನಂತಿ. ಗಪ್ಪಿ, ವಿಂಗೈ ಎರಡನ್ನೂ ಒಂದೇ ತೊಟ್ಟಿಗೆ ಹಾಕಬೇಡಿ. ಹೆಣ್ಣು ಒಮ್ಮೆ ಕೂಡಿದರೆ ತಿಂಗಳುಗಟ್ಟಲೆ ಮರಿ ಹಾಕುತ್ತದೆ. ಬೆರಕೆ ತೊಟ್ಟಿಯಿಂದ ತಂದು ಒಂಟಿಯಾಗಿ ಇಟ್ಟರೂ ಬೆರಕೆ ಮರಿಯೇ ಬಂದೀತು. ಹೆಚ್ಚಾದ ಮೀನನ್ನು ಕೃಷ್ಣೆಗಾಗಲಿ ಪಂಚಗಂಗೆಗಾಗಲಿ ಬಿಡಬೇಡಿ, ಅಂಗಡಿಗೇ ಮರಳಿಸಿ.