ತಂತಿ ಸಡಿಲಾದ ಆ ಕ್ಷಣ

ಇವತ್ತು ನನ್ನ ಹಳೇ ಹುಚ್ಚಿನ ಕಥೆ. ಬಿ.ಕಾಂ ಓದುವಾಗ ನಾನು ಎನ್‌ಸಿಸಿ ಏರ್ ವಿಂಗ್ ಕೆಡೆಟ್. ಅಲ್ಲಿ ಪರೇಡ್ ಜೊತೆ ಏರೋಮಾಡೆಲಿಂಗೂ ಇರತ್ತೆ. ನಂಗೆ ಹಿಡಿಸಿದ್ದು ಕಂಟ್ರೋಲ್ ಲೈನ್ ವಿಮಾನ. ರಿಮೋಟ್ ಇಲ್ಲ. ಎರಡು ತೆಳು ಸ್ಟೀಲ್ ತಂತಿ, ಆ ತುದಿಯಲ್ಲಿ ವಿಮಾನ, ಈ ತುದಿಯಲ್ಲಿ ನಿಮ್ಮ ಕೈಯಲ್ಲಿ ಹ್ಯಾಂಡಲ್. ನೀವು ನಡುವೆ ನಿಂತು ತಿರುಗ್ತಾ ಇರ್ಬೇಕು, ಅದು ನಿಮ್ಮ ಸುತ್ತ ಹಾರ್ತಾ ಇರತ್ತೆ. ಅಮೆರಿಕದ ಆರೆಗಾನ್‌ನ ಜಿಮ್ ವಾಕರ್ 1940ರ ದಶಕದಲ್ಲಿ ಪೇಟೆಂಟ್ ಪಡೆದು ಜನಪ್ರಿಯ ಮಾಡಿದ ಆಟ ಇದು.

ಒಂದೂವರೆ ಕೆಜಿ ವಿಮಾನ, 20 ಮೀಟರ್ ತಂತಿ, ಐದೂಕಾಲು ಸೆಕೆಂಡಿಗೆ ಒಂದು ಸುತ್ತು ಅಂದ್ಕೊಳ್ಳಿ. ಲೆಕ್ಕ ಹಾಕಿದ್ರೆ ಕೈ ಮೇಲೆ ನಾಲ್ಕು ಕೆಜಿಗಿಂತ ಜಾಸ್ತಿ ಎಳೆತ. ಆ ಎಳೆತ ಇರೋವರೆಗೆ ಮಾತ್ರ ವಿಮಾನ ನಿಮ್ಮ ಮಾತು ಕೇಳತ್ತೆ.

ಒಂದ್ಸಲ ನಮ್ಮ ವಿಮಾನದ ಬಾಲ ಮುರೀತು. ನಾನೂ ಇನ್ನೊಬ್ಬ ಕೆಡೆಟ್ಟೂ ಸೇರಿ ಎಪಾಕ್ಸಿ ಸುರಿದಿದ್ದೇ ಸುರಿದಿದ್ದು. ಭಾನುವಾರ ಬೆಳಿಗ್ಗೆ ಹಾರಿಸಿದ್ವಿ. ಮೊದಲ ಸುತ್ತುಗಳು ಸುಮಾರಾಗಿದ್ವು. ಗಾಳಿ ಎದ್ದಿತು. ಗಾಳಿ ಬರೋ ಕಡೆಗೆ ವಿಮಾನ ಹೋದಾಗ ಕೈಯಲ್ಲಿ ಭಾರವೇ ಇಲ್ಲ. ತಂತಿ ಸಡಿಲ. ಹಿಂದಕ್ಕೆ ಓಡಿದೆ, ಆಗ್ಲಿಲ್ಲ. ಅದು ಒಳಕ್ಕೆ ನುಗ್ಗಿ, ನೋಡ್ತಾ ನಿಂತಿದ್ದ ಜೂನಿಯರ್‌ನಿಂದ ಎರಡು ಮಾರು ದೂರದಲ್ಲಿ ನೆಲಕ್ಕೆ ಬಿತ್ತು. ಅವನ ಮುಖ ಇವತ್ತಿಗೂ ಕಣ್ಮುಂದೆ ಇದೆ.

ಇನ್‌ಸ್ಟ್ರಕ್ಟರ್ ಸರ್ ಬೈಲಿಲ್ಲ. "ಲೀಡ್‌ಔಟ್ ಎಲ್ಲಿಂದ ಹೊರಗೆ ಬರ್ತಿದೆ?" ಅಂತ ಅಷ್ಟೇ ಕೇಳಿದ್ರು.

ರೆಕ್ಕೆ ಒಳಗಿನ ಬೆಲ್‌ಕ್ರ್ಯಾಂಕ್‌ನಿಂದ ಹೊರಡುವ ಎರಡು ತಂತಿಗೆ ಲೀಡ್‌ಔಟ್ ಅಂತಾರೆ. ರೆಕ್ಕೆ ತುದಿಯಲ್ಲಿ ಅವು ತೂರಿ ಬರೋ ತೂತಿನ ಪಟ್ಟಿಯೇ ಗೈಡ್. ಬೆಲ್‌ಕ್ರ್ಯಾಂಕ್ ಎಲ್ಲಾದ್ರೂ ಇರಲಿ, ವಿಮಾನದ ಮೂಗು ಯಾವ ಕಡೆ ತಿರುಗತ್ತೆ ಅಂತ ಹೇಳೋದು ಈ ಗೈಡ್. ಹಾರುವಾಗ ತಂತಿ ನೇರ ಗೆರೆಯಾಗಿರಲ್ಲ. ಗಾಳಿ ಅದನ್ನ ಹಿಂದಕ್ಕೆ ತಳ್ಳಿ ಕಮಾನಿನ ಹಾಗೆ ಬಾಗಿಸತ್ತೆ. ಅದಕ್ಕೇ ಗೈಡ್, ವಿಮಾನದ ತೂಕ ಸಮವಾಗೋ ಜಾಗಕ್ಕಿಂತ, ಅಂದ್ರೆ ಸಿಜಿಗಿಂತ, ಸ್ವಲ್ಪ ಹಿಂದೆ ಇರ್ಬೇಕು. ನಮ್ಮದರಲ್ಲಿ ಬಾಲ ಭಾರವಾಗಿ ಸಿಜಿ ಹಿಂದೆ ಸರಿದಿತ್ತು. ಗೈಡ್ ಮಾತ್ರ ಅಂಟಿಸಿದಲ್ಲೇ ಇತ್ತು. ಕಾಮರ್ಸ್ ಭಾಷೇಲಿ ಹೇಳೋದಾದ್ರೆ, ಡೆಬಿಟ್ ಬರೆದು ಕ್ರೆಡಿಟ್ ಮರೆತಿದ್ವಿ. ಮೂಗು ನನ್ನ ಕಡೆಗೇ ತಿರುಗಿತ್ತು.

ಹಾಗಂತ ತುಂಬಾ ಹಿಂದೆ ಇಡೋದೂ ತಪ್ಪು. ಮೂಗು ಅತಿಯಾಗಿ ಹೊರಕ್ಕೆ ತಿರುಗಿ ವಿಮಾನ ಓರೆಯಾಗಿ ಹಾರತ್ತೆ, ಸ್ಪೀಡ್ ಸಾಯತ್ತೆ. ಸುಮಾರು 1.4 ಮೀಟರ್ ರೆಕ್ಕೆಯ ವಿಮಾನಕ್ಕೆ, ಎರಡು ತಂತಿಯ ನಡುಬಿಂದು ಸಿಜಿಗಿಂತ ಅಂದಾಜು 2 ಸೆಂಟಿಮೀಟರ್ ಹಿಂದೆ. ಇಲ್ಲಿಂದ ಶುರು ಮಾಡಿ. ಚಿಕ್ಕ ವಿಮಾನಕ್ಕೆ ಇನ್ನೂ ಕಡಿಮೆ. ಮೊದಲು ಸಿಜಿ ಸರಿ ಮಾಡ್ಕೊಂಡು ಆಮೇಲೇ ಗೈಡ್ ಮುಟ್ಟಿ.

ಮನೆಯಲ್ಲೇ ಒಂದು ಪರೀಕ್ಷೆ ಇದೆ, ನಂಗೆ ತುಂಬಾ ಇಷ್ಟ. ಎರಡೂ ಲೀಡ್‌ಔಟ್ ಹಿಡಿದು ವಿಮಾನವನ್ನ ತೂಗುಹಾಕಿ. ಹೊರಗಿನ ರೆಕ್ಕೆ ಕೆಳಗೆ ಬರತ್ತೆ. ಮೂಗು ತುಸು ಕೆಳಗೆ ಬಾಗಿದ್ರೆ, ಹಾರುವಾಗ ಅದು ಹೊರಕ್ಕೆ ನೋಡತ್ತೆ ಅಂತ ಅರ್ಥ. ಬಾಲ ಕೆಳಗಾದ್ರೆ ಮೈದಾನಕ್ಕೆ ಹೋಗ್ಲೇಬೇಡಿ.

ಆಮೇಲಿನ ವಿಮಾನಕ್ಕೆ ನಾವು ಗೈಡ್ ಅಂಟಿಸ್ಲಿಲ್ಲ. ರೆಕ್ಕೆ ತುದಿಯಲ್ಲಿ ಉದ್ದ ಗಾಡಿ ಕೊರೆದು, ಸ್ಕ್ರೂ ಸಡಿಲಿಸಿದ್ರೆ ಜರುಗೋ ಹಾಗೆ ಮಾಡಿದ್ವಿ. ಒಂದು ಹಾರಾಟ, ಎರಡು ಮಿಲಿಮೀಟರ್ ಸರಿಸೋದು, ಮತ್ತೊಂದು ಹಾರಾಟ. ಆ ಹೊತ್ತಲ್ಲಿ ಬೇರೇನೂ ಬದಲಿಸ್ಲಿಲ್ಲ. ಮೂರನೇ ಸಲಕ್ಕೆ ಗಾಳಿ ಎದುರಲ್ಲೂ ಕೈ ಜಗ್ತಾ ಇತ್ತು. ಆ ಜೂನಿಯರ್ ಮಾತ್ರ ಅವತ್ತೂ ಮೈದಾನದ ಬೇಲಿ ಆಚೆಯಿಂದಲೇ ನೋಡ್ದ.