ಗುಳಿಗೆ ಮೈಗೆ ಒಗ್ಗದಾಗ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳ್ಳಿಗಳಲ್ಲಿ ‘ಗುಳಿಗೆ ತಪ್ಪಿಸಬ್ಯಾಡ್ರಿ’ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಇಂದು ಇನ್ನೊಂದು ಮಾತು. ಹಿಂದೆ ಎಚ್‌ಐವಿಗೆ ಕೊಡುತ್ತಿದ್ದ ನೆವಿರಪಿನ್, ಈಗಲೂ ಕೊಡುವ ಸಲ್ಫಾ, ಮೂರ್ಛೆರೋಗದ ಫೆನಿಟೋಯಿನ್ ಅಪರೂಪಕ್ಕೆ ಕೆಲವರ ಮೈಗೆ ಒಗ್ಗುವುದಿಲ್ಲ. ರೋಗದೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಗ್ರಾನುಲೈಸಿನ್ ಎಂಬ ವಿಷಾಂಶ ಬಿಟ್ಟು ಚರ್ಮವನ್ನು ಕೊಲ್ಲುತ್ತವೆ, ಸುಟ್ಟಂತೆ ಸುಲಿಯುತ್ತದೆ. ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿಸುವ ಅಂಶವೇ ತೀರಿದರೆ ರಕ್ತಸ್ರಾವ.

ಹೊಸ ಗುಳಿಗೆ ಶುರುವಾದ 4ರಿಂದ 28 ದಿನದೊಳಗೆ ಜ್ವರ, ಕಣ್ಣುರಿ, ಬಾಯಿಹುಣ್ಣು, ನೋಯುವ ಗುಳ್ಳೆ ಕಂಡರೆ ‘ಅಮ್ಮ ಬಂದಾಳ’ ಎಂದು ಬೇವು ಹಚ್ಚುತ್ತ ಕೂಡಬ್ಯಾಡ್ರಿ. ಮುಂದಿನ ಗುಳಿಗೆ ನುಂಗದೆ, ಚೀಟಿ ಸಮೇತ ಅದೇ ದಿನ ಆಸ್ಪತ್ರೆಗೆ ಹೋಗ್ರಿ. ಒಗ್ಗದ ಔಷಧದ ಹೆಸರು ಬರೆದಿಡ್ರಿ, ಮತ್ತೆಂದೂ ಅದನ್ನು ನುಂಗಬಾರದು. ಹೆದರಿ ಚಿಕಿತ್ಸೆಯನ್ನೇ ಬಿಡಬೇಡಿ; ಬದಲಿ ಗುಳಿಗೆ ಇದೆ.